ಅನುವಾದ ತಪ್ಪಾಗಬಹುದು

ಕನ್ನಡದ ಮಾತನ್ನು ಮರಾಠಿಯಲ್ಲೂ ಮರಾಠಿಯ ಮಾತನ್ನು ಕನ್ನಡದಲ್ಲೂ ಹೇಳುವ ಆ್ಯಪ್ ಅದು. ಅದನ್ನು ರೂಪಿಸಿದ ಮೇಘಶ್ರೀ ಮೊದಲ ದಿನವೇ ಪರದೆಯ ಮೇಲೆ ಕೆಂಪಕ್ಷರದಲ್ಲಿ ಎಚ್ಚರಿಕೆ ಹಾಕಿದ್ದಳು: ‘ಇದಿನ್ನೂ ಪ್ರಯೋಗದ ಹಂತದಲ್ಲಿದೆ. ಅನುವಾದ ತಪ್ಪಾಗಬಹುದು.’ ವರ್ಷವಿಡೀ ತಿದ್ದಿ ತೀಡಿದ ಮೇಲೆ ಧೈರ್ಯ ಬಂದು, ಆ ಸಾಲನ್ನು ತೆಗೆದುಹಾಕಿ ಹೆಮ್ಮೆಪಟ್ಟಳು.

ಮರುದಿನ ಬೆಳಿಗ್ಗೆಯೇ ಧಾರವಾಡದಿಂದ ಒಬ್ಬ ಹೆಂಗಸಿನ ಫೋನ್ ಬಂತು.

“ಆ ಕೆಂಪಕ್ಷರ ಯಾಕ ತಗದ್ರಿ? ಇವತ್ತ ವಾಪಸ್ ಹಾಕ್ರಿ.”

“ಯಾಕೆ ಮೇಡಂ, ಅನುವಾದ ತಪ್ಪಾಗ್ತಿದೆಯಾ?”

“ಇಲ್ರಿ. ಒಂದಕ್ಷರಾನೂ ತಪ್ಪಿಲ್ಲ.”

“ಹಾಗಾದ್ರೆ ಎಚ್ಚರಿಕೆ ಯಾಕೆ ಬೇಕು?”

ಹೆಂಗಸು ದನಿ ತಗ್ಗಿಸಿದಳು. “ನಮ್ಮ ಅತ್ತಿಯವರು ಕೊಲ್ಲಾಪುರದವರು. ಅವರಿಗೆ ಕನ್ನಡ ಬರಂಗಿಲ್ಲ, ನನಗ ಮರಾಠಿ ಬರಂಗಿಲ್ಲ. ಮನ್ಯಾಗ ನಾವು ದಿನಾ ಇದರಾಗ ಮಾತಾಡ್ತೀವಿ.”

“ಒಳ್ಳೇದೇ ಆಯ್ತಲ್ಲ ಮೇಡಂ. ಈಗ ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ತಿಳಿಯುತ್ತೆ.”

“ಅದ ತ್ರಾಸ ಆಗೇದ್ರಿ. ಇಷ್ಟು ದಿನ ನಾ ಅವರಿಗೆ ಅಂದದ್ದು, ಅವರು ನನಗ ಅಂದದ್ದು, ಎಲ್ಲಾ ಆ್ಯಪಿನ ತಪ್ಪು ಅಂತ ಇಬ್ಬರೂ ನಂಬಿದ್ವಿ.”