ಮುಟ್ಟಿದವರ ಭಯ

ಆ ವರ್ಷದ ಜ್ವರ ಬಂದವರಿಗೆಲ್ಲ ತಮ್ಮನ್ನು ಮುಟ್ಟಿದವರ ಮನಸ್ಸು ತಿಳಿಯುತ್ತಿತ್ತು. ಕೈಗವಸು ಹಾಕಿಕೊಂಡರೂ ಅಷ್ಟೇ. ಮುಟ್ಟಿದವರು ಅಂಜಿದ್ದರೆ ರೋಗಿಯ ಎದೆಯೂ ಹೊಡೆದುಕೊಳ್ಳುತ್ತಿತ್ತು. ಅದಕ್ಕೇ ಹುಬ್ಬಳ್ಳಿಯ ಆ ಆಸ್ಪತ್ರೆಯಲ್ಲಿ ನರ್ಸಿಂಗ್ ವಿದ್ಯಾರ್ಥಿನಿಯರು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು, ಮನಸ್ಸು ತಿಳಿಯಾದ ಮೇಲೆಯೇ ಒಳಗೆ ಹೋಗುತ್ತಿದ್ದರು.

ದಾಕ್ಷಾಯಣಿ ಆ ದಿನ ಎಷ್ಟು ಹೊತ್ತು ಕೂತರೂ ಮನಸ್ಸು ತಿಳಿಯಾಗಲಿಲ್ಲ. ಬೆಳಿಗ್ಗೆ ಅವಳು ಕೈ ಹಿಡಿದು ಕೂತಿದ್ದ ಹೆಂಗಸು ತೀರಿಕೊಂಡಿದ್ದಳು. ತನ್ನ ಅಂಜಿಕೆಯೇ ಆ ಹೆಂಗಸಿನ ಜೀವ ತೆಗೆಯಿತೇನೋ ಎಂಬ ಯೋಚನೆ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಹಿರಿಯ ನರ್ಸ್ ಸುಲೋಚನಾ ಬಾಗಿಲಿಗೆ ಬಂದರು. "ಹುಸೇನಸಾಬರ ಸಲೈನ್ ಸೂಜಿ ಕಳಚೇತಿ. ಬ್ಯಾರೆ ಯಾರೂ ಇಲ್ಲ, ನೀನ ಹೋಗಬೇಕವ್ವಾ."

ಹುಸೇನಸಾಬರು ವಯಸ್ಸಾದ ಲಾರಿ ಡ್ರೈವರ್. ಅವಳ ಬೆರಳು ಮಣಿಕಟ್ಟಿಗೆ ತಾಗಿದೊಡನೆ ಅವರ ಉಸಿರು ಏರಿತು, ಪಕ್ಕದ ಯಂತ್ರ ಕೂಗತೊಡಗಿತು. ಅವಳು ಕೈ ಹಿಂದೆಗೆದುಕೊಂಡಳು.

"ತಪ್ಪಾತ್ರಿ ಕಾಕಾ. ನನಗ ಭಾಳ ಹೆದರಿಕಿ ಆಗೇತಿ."

"ಗೊತ್ತಾತವ್ವಾ," ಎಂದರು ಅವರು, ಉಸಿರು ಸುಧಾರಿಸಿಕೊಂಡು. "ಆದ್ರ ಜಡ್ಡು ನಿನಗ ಹತ್ತೀತು ಅನ್ನೋ ಹೆದರಿಕಿ ಅಲ್ಲದು. ನಾ ಎಲ್ಲಿ ಸಾಯ್ತೀನೋ ಅಂತ ಹೆದರಾಕತ್ತಿ. ಇಲ್ಲಿಗೆ ಬಂದಾಗಿಂದ ನನ್ನ ಸಲುವಾಗಿ ಯಾರೂ ಹೆದರಿದ್ದಿಲ್ಲ. ಎಲ್ಲಾರೂ ಮನಸ್ಸು ಒರಿಸಿಕೊಂಡ ಬರತಾರ."

ಅವರೇ ಕೈ ಚಾಚಿದರು. ದಾಕ್ಷಾಯಣಿಯ ಭಯ ಹೋಗಿರಲಿಲ್ಲ. ಯಂತ್ರ ಮತ್ತೆ ಕೂಗಿತು. ಆದರೂ ಅವಳು ನರ ಹುಡುಕಿ ಸೂಜಿ ಚುಚ್ಚಿದಳು, ಅವರ ಉಸಿರು ಇಳಿಯುವವರೆಗೆ ಕೈ ಹಿಡಿದೇ ಕೂತಳು. ಬೆಳಿಗ್ಗೆಯಿಂದ ತಡೆದಿದ್ದ ಅಳು ಆಗ ಬಂತು. ಹುಸೇನಸಾಬರ ಕಣ್ಣುಗಳೂ ತುಂಬಿದವು. ಆದರೆ ಅವರು ಕೈ ಬಿಡಿಸಿಕೊಳ್ಳಲಿಲ್ಲ.