ಬಾಗಿಲ ಮೇಲಿನ ಭಾರ

"ಬಂತಾ?" ಕಾರಿನ ಬಾಗಿಲಿಗೆ ಪೈಪಿನಿಂದ ನೀರು ಬಿಡುತ್ತಿದ್ದ ಗಂಡ ಹೊರಗಿನಿಂದ ಕೂಗಿದ.

ಒಳಗೆ ಕುಳಿತಿದ್ದ ಹೆಂಡತಿ ನೋಡುತ್ತಿದ್ದಂತೆಯೇ ಡ್ರೈವರ್ ಸೀಟಿನ ಮೇಲೆ ನೀರು ತೊಟ್ಟಿಕ್ಕಿತು. "ಬಂತು ರೀ."

ನೆಲಕ್ಕೆ ಹತ್ತಿರದ ತಗ್ಗು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ನೀರು ಸೋರದಿರಲೆಂದು ಆ ಬಾಗಿಲಿಗೆ ರಬ್ಬರ್ ಬದಲಿಸಿ ಬದಲಿಸಿ ಅವನು ಹೈರಾಣಾಗಿದ್ದ. ನಲ್ಲಿ ನಿಲ್ಲಿಸಿ ಬಂದವನು ಒದ್ದೆ ಸೀಟಿನ ಮೇಲೆಯೇ ಕುಸಿದು ಕುಳಿತ. "ಸಾಕಾಗಿಹೋಯ್ತು ಕಣೇ." ಸ್ವಲ್ಪ ಹೊತ್ತಿನ ನಂತರ, ತೆರೆದ ಬಾಗಿಲಿನ ಮೇಲೆ ಮೈಭಾರವೆಲ್ಲ ಹಾಕಿ, "ಅಮ್ಮಾ" ಎನ್ನುತ್ತ ಏಳಹೊರಟ. ಬಾಗಿಲು ಕಿರ್ರೆಂದು ತಗ್ಗಿತು.

"ತಪ್ಪು ರಬ್ಬರ್‌ದಲ್ಲ ರೀ," ಎಂದಳು ಅವಳು. "ನೀವು ದಿನಾ ಹೀಗೆ ಜೋತುಬಿದ್ದು ಬಾಗಿಲೇ ಇಳಿದುಹೋಗಿ ಸಂದಿ ಬಿಟ್ಟಿದೆ. ಮಂಡಿ ಇಷ್ಟು ನೋಯುತ್ತೆ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕಾರು ಮಾರಿಬಿಡಿ ಅಂತಿದ್ದೆ."

ಅವಳು ಇಳಿದು, ಸುತ್ತಿ ಬಂದು, ಕೈ ಚಾಚಿದಳು. "ಬಾಗಿಲು ಬಿಡಿ. ಇದನ್ನ ಹಿಡ್ಕೊಳ್ಳಿ."