ಕೇಳದೆ ಬಿಟ್ಟದ್ದು

“ನಾನೇ ಡಾಕ್ಟರ್ ಅಂತ ತಿಳಕೋ. ಕೇಳು,” ಎಂದು ಬಾಳೇಶ ಪಡಸಾಲೆಯ ಕುರ್ಚಿಯಲ್ಲಿ ನೆಟ್ಟಗೆ ಕೂತ. ಎದುರಿಗೆ ಹೊರಸಿನ ಮೇಲೆ ಅವನ ಅಕ್ಕ ಸಂಧ್ಯಾ ನೋಟ್‌ಬುಕ್ ಹಿಡಿದುಕೊಂಡಿದ್ದಳು. ಗುರುವಾರ ಬೆಳಗಾವಿಗೆ ಹೋಗುವುದಿತ್ತು. ಒಳಗಿನ ಜಠರವನ್ನೇ ಕೊಯ್ದು ಸಣ್ಣದು ಮಾಡಿ ತೂಕ ಇಳಿಸುವ ಆಪರೇಶನ್ ಬಗ್ಗೆ ಅಲ್ಲಿನ ಡಾಕ್ಟರನ್ನು ಕೇಳಬೇಕಿತ್ತು.

ಸಂಧ್ಯಾ ಹುನ್ನೂರಿನಿಂದ ದಿನಾ ಬಸ್ಸಿನಲ್ಲಿ ಜಮಖಂಡಿಯ ಕಚೇರಿಗೆ ಹೋಗಿ ಬರುವ ಗುಮಾಸ್ತೆ. ತೂಕ ನೂರಾ ಹದಿನಾರು ಕಿಲೋ. ಜನ ಆಡಿಕೊಂಡದ್ದನ್ನು ಅವಳು ಎಂದೂ ತಲೆಗೆ ಹಚ್ಚಿಕೊಂಡವಳಲ್ಲ. ಆದರೆ ಕಂಡಕ್ಟರ್ ಆಗಿದ್ದ ತಮ್ಮನ ಎರಡೂ ಕಿಡ್ನಿ ಕೆಟ್ಟು, ಅವನು ವಾರಕ್ಕೆರಡು ಸಲ ಬಾಗಲಕೋಟೆಗೆ ಡಯಾಲಿಸಿಸ್‌ಗೆ ಹೋಗುವಂತಾಯಿತು. ಅವ್ವ ಯಂಕವ್ವನಿಗೆ ಸಕ್ಕರೆ ಕಾಯಿಲೆ. ಅವಳ ಕಿಡ್ನಿ ಬರುವಂತಿರಲಿಲ್ಲ. ಸಂಧ್ಯಾಳದು ಹೊಂದಿತು. “ಆದರೆ ಇಷ್ಟು ತೂಕ ಇದ್ದರೆ ತೆಗೆಯೋಕೆ ಬರೋದಿಲ್ಲ. ಎಂಬತ್ತಕ್ಕೆ ಇಳಿಸಿಕೊಂಡು ಬನ್ನಿ,” ಎಂದಿದ್ದರು ಕಿಡ್ನಿ ಡಾಕ್ಟರು. ನಾಲ್ಕು ತಿಂಗಳು ಸಂಧ್ಯಾ ನಸುಕಿನಲ್ಲಿ ಎದ್ದು ನಡೆದಳು, ಒಪ್ಪತ್ತು ಉಂಡಳು. ಆರು ಕಿಲೋ ಇಳಿದು ಅಲ್ಲೇ ನಿಂತಿತು.

ಹೋದ ಸಲ ಆಸ್ಪತ್ರೆಯಲ್ಲಿ ಅವಳು ತೂಕದ ಕಾಟಾದ ಮೇಲೆ ನಿಂತಾಗ ಹಿಂದೆ ಯಾರೋ ನಕ್ಕಿದ್ದರು. ಅಂದು ಮಾತ್ರ ಅದು ನಾಟಿ, ಕೇಳಬೇಕೆಂದುಕೊಂಡದ್ದನ್ನೆಲ್ಲ ಕೇಳದೆ ಬಂದಿದ್ದಳು. ಅದಕ್ಕೇ ಈ ತಾಲೀಮು.

“ಸರ್, ಈ ಆಪರೇಶನ್ ನನಗ ನಡೀತೈತೇನ್ರಿ?”

“ಜೋರಾಗಿ ಕೇಳವ್ವ. ಹಿಂದಿನ ಸೀಟಿನವರಿಗೂ ಕೇಳಿಸಬೇಕು.”

ಸಂಧ್ಯಾ ನಕ್ಕು, ದನಿ ಏರಿಸಿದಳು. “ಎಷ್ಟ ದಿನ ದವಾಖಾನ್ಯಾಗ ಇರಬೇಕ್ರಿ? ಕಚೇರಿಗಿ ಎಷ್ಟ ದಿನ ರಜಾ ಹಾಕ್ಲಿ?”

ಬಾಳೇಶ ಕೈ ಚಾಚಿ ನೋಟ್‌ಬುಕ್ ಇಸಿದುಕೊಂಡ. ಎರಡೂ ಪುಟ ತಿರುವಿ ನೋಡಿದ. “ಜೀವಕ್ಕ ಅಪಾಯ ಐತೋ ಇಲ್ಲೋ ಅಂತ ಬರದೇ ಇಲ್ಲಲ್ಲ ನೀ.”

“ಅದು ಬ್ಯಾಡ ಬಿಡು. ತಿಳಿದ್ರ ಅಂಜಿಕಿ ಬರ್ತೈತಿ.”

ಅವನು ಪೆನ್ನು ತೆಗೆದುಕೊಂಡ. ಸೂಜಿ ಚುಚ್ಚಿಸಿಕೊಂಡು ಬಾತ ಕೈಯಲ್ಲಿ ಅದೊಂದನ್ನು ಎಲ್ಲಕ್ಕೂ ಮೇಲೆ ಬರೆದು ಪುಸ್ತಕ ತಿರುಗಿ ಕೊಟ್ಟ. “ಇದನ್ನ ಮೊದಲ ಕೇಳು. ಈಗ ಕಡೀದು ಓದು.”

“ಆಪರೇಶನ್ ಆಗಿ ಎಷ್ಟ ತಿಂಗಳಿಗಿ ನಾ ಕಿಡ್ನಿ ಕೊಡಬಹುದ್ರಿ?”

“ಒಂದ ವರ್ಷರೆ ಬೇಕು.” ಅದು ಡಾಕ್ಟರನ ದನಿಯಾಗಿರಲಿಲ್ಲ.

“ನಿನಗ ಯಾರ ಹೇಳಿದ್ರು?”

“ಸೋಮವಾರ ಬಾಗಲಕೋಟ್ಯಾಗ ಕೇಳಿದೆ.”

“ಅಲ್ಲೀತನಕ ನೀ…”

“ಅದನ್ನ ಕೇಳಲಿಲ್ಲ.” ಬಾಳೇಶ ಕುರ್ಚಿಯಿಂದ ಎದ್ದು ಅವಳ ಬದಿಗೆ ಬಂದು ಕೂತ. “ಬ್ಯಾಡ ಬಿಡಕ್ಕ. ನನ್ನ ಸಲುವಾಗಿ ಛಲೋ ಇದ್ದ ಹೊಟ್ಟಿ ಯಾಕ ಕೊಯ್ಸಿಕೊಳ್ತಿ?”

“ನಿನ್ನ ಸಲುವಾಗಿ ಅಂತ ಯಾರಂದ್ರು? ನೀ ಇಲ್ಲಂದ್ರ ನಾ ಯಾರ ಕೂಡ ಜಗಳಾಡ್ಲಿ?”

ಮಗನಿಗೆಂದು ಅಳೆದ ಅರ್ಧ ಲೋಟ ನೀರು ಹಿಡಿದು ಯಂಕವ್ವ ಒಳಬಾಗಿಲಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಏನೂ ಕೇಳಲಿಲ್ಲ. ನೀರು ಕೊಟ್ಟು, ಇಬ್ಬರ ಹಣೆಗೂ ಬೀರಪ್ಪ ದೇವರ ಅರಿಶಿನ ಭಂಡಾರ ಹಚ್ಚಿ ಒಳಗೆ ಹೋದಳು.

ಗುರುವಾರ ಸಂಧ್ಯಾ ಒಂದೂ ಬಿಡದೆ ಕೇಳಿದಳು. ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ನಿಧಾನವಾಗಿ ಹೇಳಿದರು: ಅಪಾಯ ಸ್ವಲ್ಪ ಇದ್ದೇ ಇರುತ್ತದೆ, ಕೊಯ್ದ ಹೊಟ್ಟೆ ಜೀವಮಾನವೆಲ್ಲ ಸಣ್ಣದೇ, ಕಿಡ್ನಿಗೆ ವರ್ಷವಾದರೂ ಕಾಯಬೇಕು. ಸಂಧ್ಯಾ ಬದಿಗೆ ಕೂತಿದ್ದ ತಮ್ಮನ ಮುಖ ನೋಡಲಿಲ್ಲ. “ಆತ್ರಿ, ದಿನಾ ಗೊತ್ತು ಮಾಡ್ರಿ,” ಅಂದಳು.

ದೀಪಾವಳಿಯ ಹೊತ್ತಿಗೆ ಆಪರೇಶನ್ ಆಯಿತು. ಹದಿನೈದು ದಿನಕ್ಕೊಮ್ಮೆ ಅವಳ ತೂಕವನ್ನು ಬಾಳೇಶನೇ ಕ್ಯಾಲೆಂಡರ್ ಮೇಲೆ ಬರೆಯುತ್ತಿದ್ದ. ನೂರಾ ಮೂರು. ತೊಂಬತ್ತಾರು. ಯುಗಾದಿಗೆ ಎಂಬತ್ತೆಂಟು. “ಹಿಂಗ ಇಳೀತಾ ಹೋದ್ರ ಬಸ್ಸಿನ್ಯಾಗ ನಿನಗ ಅರ್ಧಾ ಟಿಕೀಟ ಹರಿಬೇಕಾಗ್ತೈತಿ,” ಎಂದು ಕಾಡುತ್ತಿದ್ದ. ಆಗಲೇ ಅವನ ಮುಖ ಊದಿಕೊಂಡಿತ್ತು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು.

ಕಾರಹುಣ್ಣಿಮೆಗೆ ನಾಲ್ಕು ದಿನವಿರುವಾಗ, ಬಾಗಲಕೋಟೆಗೆ ಹೋಗಲೆಂದು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವನು ಹಾಗೇ ಗೋಡೆಗೆ ಒರಗಿ ಕುಸಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎದೆಬಡಿತ ನಿಂತಿತ್ತು. ಆ ವಾರ ಸಂಧ್ಯಾಳ ತೂಕ ಎಂಬತ್ತಮೂರು.

ದಿನಕರ್ಮ ಮುಗಿದು ನೆಂಟರೆಲ್ಲ ಹೋದ ಮಧ್ಯಾಹ್ನ ಯಂಕವ್ವ ಒಲೆ ಹೊತ್ತಿಸಿ ರೊಟ್ಟಿ ಬಡಿದಳು. ಎರಡು ಬಿಸಿ ರೊಟ್ಟಿ, ಮೇಲೆ ಬೆಣ್ಣೆ, ಬದಿಗೆ ಝುಣಕ ಇಟ್ಟು ತಾಟನ್ನು ಮಗಳ ಮುಂದೆ ಸರಿಸಿದಳು. ಎಂಟು ತಿಂಗಳಿಂದ ಮಗಳು ಕೂಸಿನಷ್ಟು ಉಣ್ಣುವುದನ್ನು ಅವಳು ನೋಡುತ್ತ ಬಂದಿದ್ದಳು. ಅದು ತಮ್ಮನಿಗೆ ಕಿಡ್ನಿ ಕೊಡುವ ತನಕ ಹಿಡಿದ ಪಥ್ಯ ಎಂದೇ ತಿಳಿದಿದ್ದಳು.

“ಇನ್ನ ಯಾರ ಸಲುವಾಗಿ ಉಪಾಸ ಇರ್ತಿ? ಹೊಟ್ಟಿ ತುಂಬ ಉಣ್ಣು,” ಅಂದಳು.

ಸಂಧ್ಯಾ ನಾಲ್ಕು ತುತ್ತು ಉಂಡಳು. ಐದನೆಯದಕ್ಕೆ ಜಾಗವಿರಲಿಲ್ಲ.

“ತುಂಬೇತಿ ಬೇ ಯವ್ವಾ.”

ಯಂಕವ್ವ ನಂಬಲಿಲ್ಲ. ಇನ್ನೊಂದು ಬಿಸಿ ರೊಟ್ಟಿ ತರಲು ಎದ್ದಳು.